ಅತ್ತ ಮ್ಯಾಲ ಅಡಿಗಿ ಮಾಡಿದಾಕಿ

ನಮ್ಮ ಆಯಿ, ಅಂದರೆ ಅಜ್ಜಿ, ದೇವರ ಮುಂದೆ ಏನನ್ನಾದರೂ ಬೇಡಿದ್ದನ್ನು ನಾನು ಕಂಡಿಲ್ಲ. ಬಾದಾಮಿ ಬನಶಂಕರಿಗೆ ಹೋದಾಗಲೂ ಅಷ್ಟೇ. ನಾವೆಲ್ಲ ಕಣ್ಣು ಮುಚ್ಚಿ ನೌಕರಿ, ಮದುವೆ, ಮನೆ ಅಂತ ಒಳಗೊಳಗೇ ಪಟ್ಟಿ ಓದುತ್ತಿದ್ದರೆ, ಆಕೆ ಮಾತ್ರ ಕಣ್ಣು ಬಿಟ್ಟುಕೊಂಡು ದೇವಿಯನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಕರಿ ಕಲ್ಲಿನ ಮೂರ್ತಿ, ಸಿಂಹದ ಮೇಲೆ ಕೂತವಳು, ಎಂಟು ಕೈ. "ಇಷ್ಟ ಮಂದಿಗೆ ಉಣ್ಣಾಕ ಹಾಕಬೇಕಲ್ಲ, ಎಂಟ ಕೈ ಎಲ್ಲಿ ಸಾಲ್ತಾವ ಪಾಪ" ಅನ್ನುತ್ತಿದ್ದಳು. ಹಿಂದೆ ನಿಂತವರು ಸರಿಯಮ್ಮಾ ಸರಿ ಅಂತ ನೂಕುತ್ತಿದ್ದರೂ ಆಕೆಗೆ ಅವಸರವೇ ಇಲ್ಲ.

ಈ ಸಲದ ಬನದ ಹುಣ್ಣಿಮೆ, ಅಂದರೆ ಬನಶಂಕರಿ ಜಾತ್ರೆಯ ಹುಣ್ಣಿಮೆ, ಆಯಿ ಇಲ್ಲದೆ ಬಂದು ಹೋಯಿತು. ತೊಂಬತ್ತು ದಾಟಿ, ಮರಿಮಕ್ಕಳನ್ನು ಆಡಿಸಿ, ರಾತ್ರಿ ರೊಟ್ಟಿ ಉಂಡು ಮಲಗಿದವಳು ಬೆಳಗ್ಗೆ ಏಳಲಿಲ್ಲ. ಪುಣ್ಯವಂತೆ, ಅಳುವಂಥ ಸಾವಲ್ಲ ಅಂದರು ಎಲ್ಲರೂ. ಸರಿನೇ. ಆದರೆ ಪಲ್ಯದ ಹಬ್ಬಕ್ಕೆ ಸೊಪ್ಪು ಸೋಸಲು ಕೂತಾಗ ಅಳು ತಾನಾಗೇ ಬಂತು, ಏನು ಮಾಡೋದು.

ಹುಣ್ಣಿಮೆ ಮುಂಚಿನ ದಿನ ದೇವಿಗೆ ನೂರಾ ಎಂಟು ಬಗೆಯ ಪಲ್ಯದ ನೈವೇದ್ಯ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಮಳೆ ಇಲ್ಲದೆ ಲೋಕ ಒಣಗಿದಾಗ ತಾಯಿ ನೂರು ಕಣ್ಣಿಂದ ಅತ್ತು ಶತಾಕ್ಷಿಯಾದಳು, ತನ್ನ ಮೈಯಿಂದಲೇ ಕಾಯಿಪಲ್ಯ ಹುಟ್ಟಿಸಿ ಎಲ್ಲರನ್ನೂ ಸಾಕಿ ಶಾಕಂಬರಿಯಾದಳು. ಪುರಾಣಿಕರು ಈ ಕಥೆಯನ್ನು ಎಷ್ಟು ಹೊತ್ತು ಬೇಕಾದರೂ ಹೇಳುತ್ತಾರೆ. ಆಯಿಯದು ಒಂದೇ ಮಾತು. "ಮೊದಲ ಅತ್ಲು. ಆಮ್ಯಾಲ ಅಡಿಗಿ ಮಾಡಿದ್ಲು. ಮಕ್ಕಳ ಹಸಿದ ಕುಂತಾಗ ಎಷ್ಟಂತ ಅಳೋದು?"

ಇದು ಸುಮ್ನೆ ಹೇಳಿದ ಮಾತಲ್ಲ. ನಮ್ಮದು ಗುಳೇದಗುಡ್ಡದ ನೇಕಾರರ ಮನೆ. ಅಜ್ಜ ಕುಣಿ ಮಗ್ಗದಲ್ಲಿ ಖಣ, ಅಂದರೆ ರವಿಕೆ ಬಟ್ಟೆ, ನೇಯುತ್ತಿದ್ದ, ಆಯಿ ಪಕ್ಕದಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು. 1972ರ ಬರದಲ್ಲಿ ಊಟಕ್ಕೇ ಕಷ್ಟ, ಖಣ ಕೊಳ್ಳುವವರು ಯಾರು? ಮಗ್ಗ ನಿಂತಿತು. ಆ ವರ್ಷ ಬನದ ಹುಣ್ಣಿಮೆಗೆ ಮನೆಯಲ್ಲಿ ಇದ್ದದ್ದು ಹಿತ್ತಲ ನುಗ್ಗೆ ಸೊಪ್ಪು ಮಾತ್ರ. ಅದನ್ನೇ ಬೇಯಿಸಿ, ಉಪ್ಪು ಖಾರ ಹಾಕಿ, ಎಡೆ ಹಿಡಿದಳಂತೆ. ನೂರಾ ಎಂಟು ಬೇಕಲ್ವಾ ಅಂತ ನಾನು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ, "ಅಕಿ ಎಣಸ್ತಾಳೇನ?" ಅಂದಿದ್ದಳು.

ಆಯಿ ಅಂದರೆ ನನಗೆ ಮೊದಲು ನೆನಪಾಗೋದು ಆಕೆಯ ಬೆರಳು. ಪುಷ್ಯ ಮಾಸ ಅಂದರೆ ಕಡ್ಲಿ ಹೊಲ ಹಸಿರಾಗಿರುವ ಕಾಲ. ಬೆಳಗಿನ ಇಬ್ಬನಿ ಆರುವ ಮೊದಲೇ ಯಾರದೋ ಹೊಲಕ್ಕೆ ಹೋಗಿ, ಕೇಳಿಯೇ, ಕಡ್ಲಿ ಕುಡಿ ಚಿವುಟಿ ಸೆರಗಿಗೆ ತುಂಬಿಕೊಂಡು ಬರುತ್ತಿದ್ದಳು. ಕಡ್ಲಿ ಎಲೆಯ ಮೇಲೆ ಹುಳಿ ಇರುತ್ತದಲ್ಲ, ಅದು ಬೆರಳಿಗೆಲ್ಲ ಹತ್ತಿಕೊಂಡಿರುತ್ತಿತ್ತು. ಬಂದವಳೇ ಬೆರಳನ್ನು ನಮ್ಮ ಬಾಯಿಗೆ ಇಡುತ್ತಿದ್ದಳು. ಚುರ್ ಅನ್ನುವ ಹುಳಿ, ಸ್ವಲ್ಪ ಉಪ್ಪು, ಹಸಿ ಸೊಪ್ಪಿನ ವಾಸನೆ, ತಣ್ಣಗಿನ ಒರಟು ಬೆರಳು. ಮುಖ ಕಿವುಚಿಕೊಂಡು ಮತ್ತೆ ಬಾಯಿ ತೆರೆಯುತ್ತಿದ್ದೆವು. ಹಬ್ಬದ ದಿನ ಒಬ್ಬಿಬ್ಬರು ಅಕ್ಕಪಕ್ಕದ ಮಕ್ಕಳೂ ಸಾಲಿಗೆ ನಿಲ್ಲುತ್ತಿದ್ದರು. ಸೆರಗಿನ ತುದಿ ಕೂಡ ಹುಳಿಯೇ, ತಂಗಿ ಅದನ್ನೂ ಚೀಪುತ್ತಿದ್ದಳು. ಆಮೇಲೆ ದೇವಸ್ಥಾನದಲ್ಲಿ ಎಷ್ಟೋ ಕಡೆ ತೀರ್ಥ ಕುಡಿದಿದ್ದೇನೆ. ದೇವಿ ತಪ್ಪು ತಿಳಿಯದಿರಲಿ, ನಾಲಿಗೆಗೆ ಆ ರುಚಿಯೇ ಜಾಸ್ತಿ ನೆನಪು.

ಖುಷಿಯ ಮನುಷ್ಯಳು ಆಕೆ. ಜಾತ್ರೆಗೆ ಹೋದರೆ ಹರಿದ್ರಾ ತೀರ್ಥದ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂರಬೇಕು, ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳ ಹತ್ತಿರ ಕಡಕ್ ರೊಟ್ಟಿ, ಕೆಂಪು ಚಟ್ನಿ, ಮಗಿಯ ಮೊಸರು ತಿನ್ನಬೇಕು, ಬಾಗಿಲು ಚೌಕಟ್ಟು ಮಾರುವ ಕಡೆ ಸುಮ್ನೆ ರೇಟು ಕೇಳಬೇಕು, ರಾತ್ರಿ ನಾಟಕ ನೋಡಬೇಕು. ನಾಟಕದ ಖಳನಿಗೆ ಕೂತಲ್ಲಿಂದಲೇ ಬೈಯುತ್ತಿದ್ದಳು.

ಒಮ್ಮೆ ಬೆಂಗಳೂರಿಗೆ ಬಂದಾಗ ಇಲ್ಲಿನ ಬನಶಂಕರಿಗೆ ಕರೆದುಕೊಂಡು ಹೋಗಿದ್ದೆ. 1915ರಲ್ಲಿ ಕಟ್ಟಿದ ಗುಡಿ, ರಾಹುಕಾಲದಲ್ಲಿ ನಿಂಬೆಹಣ್ಣಿನ ಸಿಪ್ಪೆ ಮಗುಚಿ ದೀಪ ಹಚ್ಚುವ ಸಾಲು. ಭಕ್ತಿಯಿಂದ ಕೈಮುಗಿದಳು. ಹೊರಗೆ ಬಂದ ಮೇಲೆ ಕೇಳಿದ್ದು, "ಅಲ್ಲ, ಹಿಂಡಿದ ರಸ ಏನ ಮಾಡ್ತಾರ?" ಆಕೆಗೆ ತಿನ್ನುವ ಪದಾರ್ಥ ಹಾಳಾಗಬಾರದು, ಅಷ್ಟೇ.

ಪಲ್ಯದ ಹಬ್ಬದಲ್ಲಿ ಆಕೆಯ ನಿಯಮವೂ ಅದೇ. ಎಡೆಗೆ ಹಿಡಿದದ್ದನ್ನೆಲ್ಲ ಎಲ್ಲರೂ ತಿನ್ನಬೇಕು. ಹಾಗಲಕಾಯಿ ಬೇಡ ಅಂದರೆ, "ತಾಯಿ ಮೈಯಿಂದ ಬಂದದ್ದು, ಆರಿಸಿ ತಿಂತಿಯೇನ?" ಈಗ ನೋಡಿದರೆ ನೂರಾ ಎಂಟು ಬಟ್ಟಲು ಜೋಡಿಸಿ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುತ್ತೇವೆ, ಬಾಳಕ, ಸಂಡಿಗೆ ಎಲ್ಲ ಸೇರಿಸಿ ಲೆಕ್ಕ ತುಂಬಿಸುತ್ತೇವೆ, ಮರುದಿನ ಅರ್ಧ ಕಸಕ್ಕೆ. ಎಣಿಸಬೇಡಿ ಅನ್ನುತ್ತಿಲ್ಲ. ಹಾಕಿದ್ದನ್ನು ತಿನ್ನೋಣ ಅಷ್ಟೇ. ಶಾಕಂಬರಿ ಎಡೆಯನ್ನು ಕಸಕ್ಕೆ ಹಾಕೋದು ನನಗಂತೂ ಸರಿ ಕಾಣಲ್ಲ.

ಇನ್ನೊಂದು ಸಂಕಟ. ಹಕ್ಕರಕಿ, ಗೋಳಿ ಪಲ್ಯ, ಕಿರಕಸಾಲಿ ಬೇಕು ಅಂದರೆ ಸಂತೆಯಲ್ಲಿ ಹುಡುಕಬೇಕು. ಹೊಲದಲ್ಲಿ ತಾವಾಗೇ ಬೆಳೆಯುತ್ತಿದ್ದ ಸೊಪ್ಪುಗಳು, ಈಗ ಕಳೆ ಅಂತ ಎಣ್ಣೆ, ಅಂದರೆ ಔಷಧಿ, ಹೊಡೆಯುತ್ತಾರೆ. ರೈತರನ್ನು ಬೈದು ಪ್ರಯೋಜನ ಇಲ್ಲ, ಕಳೆ ಕೀಳಲು ಆಳು ಸಿಗೋದಿಲ್ಲ. ಆದರೆ ತಾಯಿ ಮೈಯಿಂದ ಬಂದ ಪಟ್ಟಿಯಲ್ಲಿ ಅವೂ ಇದ್ದವು ಅಲ್ವಾ?

ಈ ವರ್ಷ ನಾವು ಎಣಿಸಲಿಲ್ಲ. ಸಿಕ್ಕಿದ್ದನ್ನು ಮಾಡಿದೆವು, ನುಗ್ಗೆ ಸೊಪ್ಪು ಮೊದಲು. ಕಡ್ಲಿ ಮಾತ್ರ ಪೇಟೆಯದು, ಎಷ್ಟು ಸಲ ತೊಳೆದದ್ದೋ, ಹುಳಿಯೇ ಇರಲಿಲ್ಲ. ನನ್ನ ಮಗಳು ಬೆರಳು ನೆಕ್ಕಿ ಏನೂ ಇಲ್ಲವಲ್ಲ ಅಂದಳು. ಗುಳೇದಗುಡ್ಡ, ಬಾದಾಮಿ ಕಡೆ ಎಣ್ಣೆ ಹೊಡೆಯದ ಕಡ್ಲಿ ಹೊಲ ಯಾರದಾದರೂ ಇದ್ದರೆ ಮುಂದಿನ ಬನದ ಹುಣ್ಣಿಮೆಗೆ ಒಂದು ಮಾತು ಹೇಳಿ. ಇಬ್ಬನಿ ಆರುವ ಮೊದಲೇ ಬರುತ್ತೇವೆ, ಬುತ್ತಿ ನಮ್ಮದು.