ಪಬ್ ಕೊಳ್ಳುವ ಮೊದಲೇ ಗೋಡೆಯ ಲೆಕ್ಕ

ಇಂಗ್ಲೆಂಡಿನ ಯಾರ್ಕ್‌ಷೈರ್ ಹಳ್ಳಿಗಳಲ್ಲಿ ಹಳೇ ಕಟ್ಟಡಗಳ ಸರ್ವೆ, ಅಂದರೆ ಅವುಗಳ ಸ್ಥಿತಿ ಪರೀಕ್ಷೆ, ಮಾಡೋದು ನನ್ನ ಕೆಲಸ. ಈಚೆಗೆ ಊರಿನ ಸಮಿತಿಗಳಿಂದಲೇ ಹೆಚ್ಚು ಫೋನ್ ಬರುತ್ತೆ: ಪಬ್ ಮಾರಾಟಕ್ಕಿದೆ, ನಾವೇ ಕೊಳ್ಳಬೇಕು ಅಂತಿದೀವಿ, ಒಮ್ಮೆ ಬಂದು ನೋಡಿ. ಪಬ್ ಅಂದರೆ ಬೆಂಗಳೂರಿನ ಚರ್ಚ್ ಸ್ಟ್ರೀಟ್ ನೆನಪಿಸಿಕೊಳ್ಳಬೇಡಿ. ಇಲ್ಲಿ ಅದು ಸೂರು ಹಾಕಿದ ಅರಳಿಕಟ್ಟೆ.

ಎಲ್ಲ ಸಮಿತಿಗಳ ಬಾಯಲ್ಲೂ ಹಡ್ಸ್‌ವೆಲ್ ಅನ್ನೋ ಹಳ್ಳಿಯ ಹೆಸರು. ಅಲ್ಲಿನ 'ಜಾರ್ಜ್ ಅಂಡ್ ಡ್ರ್ಯಾಗನ್' ಪಬ್ 2008ರಲ್ಲಿ ಬಾಗಿಲು ಹಾಕಿತ್ತು. 2010ರಲ್ಲಿ ಊರಿನವರು ಷೇರು ಸೇರಿಸಿ ಕೊಂಡರು, ಒಳಗೇ ಪುಟ್ಟ ಅಂಗಡಿ, ಲೈಬ್ರರಿ ಮಾಡಿದರು. ಬಿಯರ್, ಪಬ್ ಪ್ರೇಮಿಗಳ 'ಕಾಮ್ರಾ' ಸಂಸ್ಥೆಯ 2016ರ ರಾಷ್ಟ್ರೀಯ ಪಬ್ ಪ್ರಶಸ್ತಿ ಅದಕ್ಕೇ ಬಂತು. ಈ ಕತೆ ಕೇಳಿದವರಿಗೆ ಉತ್ಸಾಹ ಉಕ್ಕೋದು ಸಹಜ.

ತೊಂದರೆ ಇರೋದು ಗಡಿಯಾರದಲ್ಲಿ. 2011ರ ಲೋಕಲಿಸಂ ಕಾಯ್ದೆ ಪ್ರಕಾರ ಪಬ್ಬನ್ನು ಸಮುದಾಯದ ಆಸ್ತಿ ಅಂತ ಪಟ್ಟಿಗೆ ಸೇರಿಸಿದ್ದರೆ, ಮಾಲೀಕ ಮಾರಲು ಹೊರಟಾಗ ಊರಿನವರು 6 ತಿಂಗಳ ತಡೆ ಕೇಳಬಹುದು. ಅವರಿಗೇ ಮಾರಬೇಕು ಅಂತೇನೂ ಇಲ್ಲ. ಅಷ್ಟರೊಳಗೆ ಸೊಸೈಟಿ ನೋಂದಣಿ, ಬಿಸಿನೆಸ್ ಪ್ಲಾನ್, ಷೇರು ಮಾರಾಟ ಎಲ್ಲ ಆಗಬೇಕು. ಆ ಗಡಿಬಿಡಿಯಲ್ಲಿ ಸರ್ವೆ ಕೊನೆಗೆ ತಳ್ಳಿಸಿಕೊಳ್ಳುತ್ತೆ. ಅದು ಮೊದಲು ಬರಬೇಕು ಅನ್ನೋದು ನನ್ನ ಹಟ. ಷೇರು ಮಾರುವಾಗ ಜನರಿಗೆ ಕೊಟ್ಟ ವಿವರಪತ್ರದಲ್ಲಿ ಇಲ್ಲದ ರಿಪೇರಿಗೆ ಅದೇ ಜನರ ಮುಂದೆ ಮತ್ತೆ ಕೈಚಾಚೋದು ಕಷ್ಟ.

ಒಂದು ಪಬ್ಬಿನಲ್ಲಿ ಸಮಿತಿಯವರ ಮಾತೆಲ್ಲ ಹೊಸ ಬಾರ್ ಕೌಂಟರ್ ಸುತ್ತಲೇ ಇತ್ತು. ನಾನು ಹಿಂಬದಿಯ ಕಲ್ಲುಗೋಡೆ ತಟ್ಟಿದೆ, ಟೊಳ್ಳು ಸದ್ದು. ಸುಣ್ಣದ ಗಾರೆಯ ಗೋಡೆಗೆ ಯಾವ ಕಾಲದಲ್ಲೋ ಸಿಮೆಂಟ್ ಬಳಿದಿದ್ದರು. ಒಳಗಿನ ತೇವಕ್ಕೆ ಹೊರಬರಲು ದಾರಿಯೇ ಇಲ್ಲ. ಪ್ಲಾಸ್ಟರ್ ಒಂದಿಷ್ಟು ಕಿತ್ತು ತೊಲೆಯ ತುದಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಪಕ್ಕದಲ್ಲೇ ಇದ್ದ ಖಜಾಂಚಿಯಮ್ಮ, ನಿವೃತ್ತ ಟೀಚರ್, ಹೊರಬಂದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಎಷ್ಟಾಗುತ್ತೆ?" ಅಂದರು. ಕೌಂಟರ್ ಮಾತು ಅಲ್ಲಿಗೆ ನಿಂತಿತು.

ಸಿಮೆಂಟ್ ಕೀಳಲು ಊರಿನವರೇ ಸಾಕು, ಶನಿವಾರ ಹಾರೆ ಸುತ್ತಿಗೆ ಹಿಡಿದು ಬರ್ತಾರೆ. ಹಳೇ ಪಬ್ಬುಗಳು ಎಷ್ಟೋ ಸಲ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿರುತ್ತವೆ, ಹಾಗಿದ್ದರೆ ಮೊದಲು ಕೌನ್ಸಿಲ್ ಒಪ್ಪಿಗೆ ಬೇಕು. ಆಮೇಲೆ ಹವಾಮಾನ. ಸಿಮೆಂಟ್ ಕಿತ್ತ ಜಾಗಕ್ಕೆ ಮತ್ತೆ ಸುಣ್ಣದ ಗಾರೆಯೇ ಬಳಿಯಬೇಕು, 5 ಡಿಗ್ರಿಗಿಂತ ಕೆಳಗೆ ಆ ಕೆಲಸ ಮಾಡೋ ಹಾಗಿಲ್ಲ, ಹಿಮಗಟ್ಟಿದರೆ ಉದುರುತ್ತೆ. ಅಕ್ಟೋಬರಿನಲ್ಲಿ ಕಟ್ಟಡ ಕೈಗೆ ಬಂದರೆ ಗೋಡೆ ಮುಟ್ಟೋದು ಬಹುಮಟ್ಟಿಗೆ ವಸಂತಕ್ಕೇ. ಅಲ್ಲಿವರೆಗೆ ಆದಾಯ ಇಲ್ಲ, ಇನ್ಶೂರೆನ್ಸ್ ಮಾತ್ರ ಕಟ್ಟುತ್ತಿರಬೇಕು. ಕಾಯ್ದೆಯ ಆ 6 ತಿಂಗಳಿಗೆ ಚಳಿಗಾಲ, ಬೇಸಿಗೆ ಗೊತ್ತಿಲ್ಲ ನೋಡಿ.

ಹಾಗಾಗಿ ಈಗ ವರದಿಯ ಮೊದಲ ಪುಟವನ್ನು ಊರ ಹಾಲ್‌ನಲ್ಲಿ ಗಟ್ಟಿಯಾಗಿ ಓದುವ ಹಾಗೆ ಬರೀತೀನಿ. ಚಾವಣಿ, ನೀರುದೋಣಿ, ಗೋಡೆ. ಪ್ರತಿಯೊಂದಕ್ಕೂ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಯಾವ ತಿಂಗಳು. ಕೌಂಟರ್ ಕೊನೆಯ ಸಾಲಿಗೆ. ಇಂಥ ಸೊಸೈಟಿಗಳಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ಹೌದು ಇಲ್ಲ ಅನ್ನೋರು ಆ ಹಾಲ್‌ನಲ್ಲಿ ಕೂತವರೇ. ರಿಪೇರಿ ಮೇಲಿನ ಶೇ. 20 ವ್ಯಾಟ್ ಅನ್ನು ಬೇರೆ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ ಹಾಕ್ತೀನಿ. ಮುಂದೆ ವಾಪಸ್ ಪಡೆಯುವ ದಾರಿ ಇದ್ದರೂ, ಬಿಲ್ ಬಂದಾಗ ಮೊದಲು ಕೈಯಿಂದಲೇ ಕೊಡಬೇಕು.