ಲೈನ್ ಬಜಾರಿನ ಪೇಡೆ ಅಂಗಡಿ

ಇಂದು ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆಗಾಗಿ ಪಾಳಿ ಹಚ್ಚಿದ್ದಾಗ, ಮುಂದಿದ್ದ ಹಿರಿಯರೊಬ್ಬರು ಮೊಮ್ಮಗಳಿಗೆ, "ನಮ್ಮಪ್ಪನೂ ನನ್ನ ಇಲ್ಲಿಗೇ ಕರಕೊಂಡು ಬರ್ತಿದ್ದ ನೋಡವಾ" ಎಂದರು.

ಪ್ಲೇಗಿನ ಹಾವಳಿಯಿಂದಾಗಿ ಉತ್ತರ ಪ್ರದೇಶದ ಉನ್ನಾವ್ ಬಿಟ್ಟು ಬಂದ ಠಾಕೂರ್ ಮನೆತನದ ರಾಮರತನ್ ಸಿಂಗ್ ಅವರು ಹೊಟ್ಟೆಪಾಡಿಗೆಂದು ಆರಂಭಿಸಿದ ವ್ಯಾಪಾರವು, ಮೊಮ್ಮಗ ಬಾಬುಸಿಂಗ್ ಅವರ ಕಾಲಕ್ಕೆ ಊರಿನ ಗುರುತೇ ಆಯಿತು. 1933ರಲ್ಲಿ ಮಿಶ್ರಾ ಕುಟುಂಬವೂ ಇದೇ ಊರಿನಲ್ಲಿ ಪೇಡೆಯ ವ್ಯಾಪಾರಕ್ಕಿಳಿಯಿತು. ಈಗ ಧಾರವಾಡ ಪೇಡೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ.

ಖೋವಾವನ್ನು ಸಕ್ಕರೆಯೊಂದಿಗೆ ಕಂದು ಬಣ್ಣ ತಿರುಗುವವರೆಗೆ ಹುರಿದು, ಉಂಡೆ ಕಟ್ಟಿ, ಪುಡಿ ಸಕ್ಕರೆಯಲ್ಲಿ ಹೊರಳಿಸುವುದು ಕೇಳಲು ಸುಲಭವೆನಿಸುತ್ತದೆ. ಆದರೆ ತಳ ಹಿಡಿಯದಂತೆ ಬಿಡದೆ ಕೈಯಾಡಿಸುತ್ತ, ಹರಳುಹರಳಾದ ಆ ಹದವನ್ನು ಕಣ್ಣಳತೆಯಲ್ಲೇ ಹಿಡಿಯುವುದು ಹಿರಿಯರ ಪಕ್ಕದಲ್ಲಿ ಒಲೆಯ ಮುಂದೆ ನಿಲ್ಲದೆ ಬರುವಂಥದ್ದಲ್ಲ. ಮನೆತನದ ಅಂಗಡಿಗಳ ನಿಜವಾದ ಆಸ್ತಿ ಅದೇ ಎಂದು ನನಗನಿಸುತ್ತದೆ.

ಧಾರವಾಡಿ ಎಮ್ಮೆಗಳನ್ನು ಸಾಕಿ, ತಲೆಮಾರುಗಳಿಂದ ಹಾಲು ಒದಗಿಸುತ್ತ ಬಂದ ಗೌಳಿ ಕುಟುಂಬಗಳ ಹೆಸರು ಮಾತ್ರ ಯಾವ ಫಲಕದ ಮೇಲೂ ಇಲ್ಲ. ಪೇಡೆಯ ಚರಿತ್ರೆ ಬರೆಯುವವರು ಅವರ ದನದ ಕೊಟ್ಟಿಗೆಯಿಂದಲೇ ಆರಂಭಿಸಬೇಕು.