ನನ್ನ ನಿದ್ದೆಯ ಲೆಕ್ಕ ಇಡುವವರು

ಬೈಪೋಲಾರ್ ಕಾಯಿಲೆ ಇರುವವರಿಗೆ ಬೇಕಾದದ್ದು ನಾಲ್ಕು ಸಮಾಧಾನದ ಮಾತು ಎಂದು ಹಲವರು ತಿಳಿದಿರುತ್ತಾರೆ. ಖಿನ್ನತೆಯ ದಿನಗಳ ಮಟ್ಟಿಗೆ ಅದು ನಿಜವಿರಬಹುದು. ಆದರೆ ಕಾಯಿಲೆಯ ಇನ್ನೊಂದು ಮಗ್ಗುಲಾದ ಉನ್ಮಾದದಲ್ಲಿ ನನಗೆ ಯಾರ ಸಮಾಧಾನವೂ ಬೇಕಿರುವುದಿಲ್ಲ. ಮೂರು ಗಂಟೆ ಮಲಗಿ ಎದ್ದರೂ ದಣಿವಿಲ್ಲ, ತಲೆಯಲ್ಲಿ ಒಂದರ ಬೆನ್ನಿಗೆ ಒಂದು ಯೋಜನೆ, ಎದುರಿಗಿದ್ದವರು ಮಾತು ಮುಗಿಸುವ ಮೊದಲೇ ನನ್ನ ಉತ್ತರ ಸಿದ್ಧ. ಇಷ್ಟು ಆರೋಗ್ಯವಾಗಿ ನಾನು ಎಂದೂ ಇರಲಿಲ್ಲ ಎಂದೇ ಆಗ ಅನ್ನಿಸುತ್ತದೆ. ತಕ್ಕಡಿಯೇ ಕೆಟ್ಟಿರುವಾಗ ತೂಕ ತಪ್ಪುತ್ತಿದೆಯೆಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ನನ್ನ ಕಾಯಿಲೆಗೆ ಸರಿಯಾದ ಹೆಸರು ಸಿಗಲು ಐದು ವರ್ಷ ಹಿಡಿಯಿತು. ವೈದ್ಯರ ಬಳಿ ನಾನು ಹೋಗುತ್ತಿದ್ದುದು ಕುಗ್ಗಿದಾಗ ಮಾತ್ರ. ಹಿಗ್ಗಿದ ದಿನಗಳನ್ನೂ ರೋಗವೆಂದು ಹೇಳಿಕೊಳ್ಳಬೇಕೆಂದು ತೋಚಿರಲೇ ಇಲ್ಲ. ಹೀಗಾಗಿ ಖಿನ್ನತೆಯ ಮಾತ್ರೆಯನ್ನಷ್ಟೇ ಬರೆದುಕೊಟ್ಟರು. ಈ ಕಾಯಿಲೆಯಲ್ಲಿ ಆ ಮಾತ್ರೆಯೊಂದನ್ನೇ ತೆಗೆದುಕೊಂಡರೆ ಕೆಲವರಿಗೆ ಉನ್ಮಾದ ಕೆರಳುವುದುಂಟು. ನನಗೂ ಹಾಗೆಯೇ ಆಯಿತು. ಒಂದೇ ವಾರದಲ್ಲಿ ಮೂರು ಕ್ಯಾಮೆರಾ ಕೊಂಡೆ, ಕೆಲಸ ಬಿಟ್ಟೆ. ಎರಡು ಕ್ಯಾಮೆರಾಗಳ ಪೆಟ್ಟಿಗೆಯನ್ನು ಬಿಚ್ಚಿಯೂ ಇರಲಿಲ್ಲ. ಆ ವಾರದ ಕತೆಯನ್ನು ವೈದ್ಯರಿಗೆ ಹೇಳಿದವಳು ನನ್ನ ಅಕ್ಕ.

ಅಲ್ಲಿಂದಾಚೆಗೆ ಲಿಥಿಯಂ. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದದ ಮೇಲೆ ಇದರ ಪರಿಣಾಮವನ್ನು ಪ್ರಕಟಿಸಿದರು. ಇಂದಿಗೂ ಈ ಕಾಯಿಲೆಯ ಮುಖ್ಯ ಔಷಧಗಳಲ್ಲಿ ಇದೂ ಒಂದು. ಒಳ್ಳೆಯ ಔಷಧವೇ ಹೌದು, ಆದರೆ ಸಲುಗೆ ಸಹಿಸುವುದಿಲ್ಲ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು. ಅದನ್ನು ಮೀರಿ ಏರಿದರೆ ಔಷಧವೇ ವಿಷವಾಗಬಹುದು. ವಾಂತಿ ಭೇದಿಯಾಗಿ ಮೈಯ ನೀರು ಕಡಿಮೆಯಾದರೂ, ಮೈಕೈ ನೋವಿಗೆಂದು ಐಬುಪ್ರೊಫೆನ್ ನುಂಗಿದರೂ ಮಟ್ಟ ಏರಬಹುದು. ಥೈರಾಯ್ಡ್ ಮತ್ತು ಮೂತ್ರಪಿಂಡಗಳ ಪರೀಕ್ಷೆಯೂ ಆಗಾಗ ಆಗುತ್ತಿರಬೇಕು.

ಇದನ್ನೆಲ್ಲ ವೈದ್ಯರು ಹೇಳಿಕೊಟ್ಟರು. ಲಿಥಿಯಂನಿಂದ ಕೈ ನಡುಗುವುದರೊಂದಿಗೆ ಬಾಳುವುದನ್ನು ಕಲಿಸಿದ್ದು ಮಾತ್ರ ಇದೇ ಕಾಯಿಲೆಯವರ ಒಂದು ಸಣ್ಣ ಗುಂಪು. ಮೊದಲ ದಿನ ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ, ಯಾವ ಗಳಿಗೆಯಲ್ಲಾದರೂ ಎದ್ದು ಹೋಗುವವನಂತೆ ಕುಳಿತಿದ್ದೆ. ಹಿರಿಯರೊಬ್ಬರು ಎಲ್ಲರ ಲೋಟಗಳಿಗೂ ಚಹಾ ಸುರಿಯುತ್ತಾ ಬಂದರು, ಪ್ರತಿ ಲೋಟಕ್ಕೂ ಅರ್ಧದಷ್ಟೇ. ನನಗೂ ಅರ್ಧವೇ ಸುರಿದು, ಏನೂ ಹೇಳದೆ ಮುಂದೆ ಹೋದರು. ನಡುಗುವ ಕೈಯಲ್ಲಿ ಲೋಟ ಹಿಡಿದೂ ಚೆಲ್ಲದೆ ಕುಡಿದದ್ದು ಎಷ್ಟೋ ತಿಂಗಳ ಮೇಲೆ ಅದೇ ಮೊದಲು. ಕ್ಯಾಮೆರಾಗಳ ವಿಷಯ ಹೇಳಿದಾಗ ಅಲ್ಲಿದ್ದವರು ನಕ್ಕರು. ಬೇರೆ ಯಾರು ನಕ್ಕಿದ್ದರೂ ನನಗೆ ನೋವಾಗುತ್ತಿತ್ತು. (‘ಮನಸ್ಸು ಗಟ್ಟಿ ಮಾಡಿಕೋ’ ಎಂದು ಅಲ್ಲಿ ಈವರೆಗೆ ಯಾರೂ ಹೇಳಿಲ್ಲ.)

ಚೆನ್ನಾಗಿರುವಾಗಲೇ ಒಪ್ಪಂದ ಬರೆದಿಡು ಎಂದು ಹೇಳಿದವರೂ ಅವರೇ. ಸತತ ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ಮಲಗಿದರೆ ಅಕ್ಕ ವೈದ್ಯರಿಗೆ ಫೋನ್ ಮಾಡಬಹುದು, ಬ್ಯಾಂಕಿನ ಕಾರ್ಡು ಅವಳ ಕೈಗೆ ಹೋಗಬೇಕು, ನಾನು ಎಷ್ಟೇ ವಾದಿಸಿದರೂ ಅವಳು ಮಣಿಯಬಾರದು. ನಿದ್ದೆಯನ್ನೇ ಮೊದಲಿಗೆ ಬರೆದುದಕ್ಕೆ ಕಾರಣವಿದೆ: ನಿದ್ದೆಗೆಡುವುದು ಉನ್ಮಾದದ ಸುಳಿವೂ ಹೌದು, ಅದನ್ನು ಕೆರಳಿಸುವ ಕಾರಣವೂ ಹೌದು.

ಕಳೆದ ಬಾರಿ ಅವಳು ‘ನಿನ್ನೆ ಎಷ್ಟು ಗಂಟೆ ಮಲಗಿದ್ದೆ?’ ಎಂದು ಕೇಳಿದಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂದು, ಆ ಹಾಳೆಯನ್ನು ಅವಳೆದುರೇ ಹರಿದು ಹಾಕಿದೆ. ಅವಳು ಮಾತಾಡದೆ ಒಳಗೆ ಹೋಗಿ ಇನ್ನೊಂದು ಪ್ರತಿ ತಂದು ಮೇಜಿನ ಮೇಲಿಟ್ಟಳು. ಕೆಳಗೆ ನನ್ನದೇ ಸಹಿ. ಒಂದು ಗಂಟೆ ಕೂಗಾಡಿದ ಮೇಲೆ ಕಾರ್ಡು ಕೊಟ್ಟೆ. ಅವಳ ಬಳಿ ಇನ್ನೂ ನಾಲ್ಕು ಪ್ರತಿಗಳಿವೆಯಂತೆ.